ಸಂಶೋಧನಾ ವಿಧಾನದ ಸರ್ಟಿಫಿಕೇಟ್ ಕೋರ್ಸಿಗೆ ಸೇರುವ ಮುನ್ನ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಸಮಾಜಶಾಸ್ತ್ರದಲ್ಲಿ ಶೇ 58 ಅಂಕಗಳೊಂದಿಗೆ ಎಂ.ಎ. ಮುಗಿಸಿ ಕೆಲವು ವರ್ಷಗಳಾದವು. ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ನಮ್ಮ ಭಾಗದಲ್ಲಿ ಅಡಿಕೆ ಸುಲಿಯುವ ಹೆಂಗಸರ ದುಡಿಮೆಯ ಬಗ್ಗೆ ಪಿಎಚ್.ಡಿ. ಮಾಡುವ ಆಸೆಯಿದೆ. ಸಂಶೋಧನಾ ವಿಧಾನದಲ್ಲಿ ಸ್ನಾತಕೋತ್ತರ ಸರ್ಟಿಫಿಕೇಟ್ ಕೋರ್ಸೊಂದನ್ನು ಆನ್‌ಲೈನಿನಲ್ಲಿ ಕಲಿಸುತ್ತೇವೆಂಬ ಜಾಹೀರಾತು ನೋಡಿದೆ. ಅದರ ಶುಲ್ಕ ನನ್ನ ಮಟ್ಟಿಗೆ ದೊಡ್ಡದು. ಅದನ್ನು ಮಾಡಿಕೊಂಡರೆ ಪಿಎಚ್.ಡಿ. ಪ್ರವೇಶಕ್ಕೆ ಅನುಕೂಲವಾಗುತ್ತದೆಯೇ? ನಾನು ಓದಿದ್ದು ಕಲಾ ವಿಭಾಗ, ಕನ್ನಡ ಮಾಧ್ಯಮ. ಗಣಿತ ಬಿಟ್ಟು ಬಹಳ ಕಾಲವಾಯಿತು. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಕರೆಂಟೂ ನೆಟ್‌ವರ್ಕೂ ನೆಚ್ಚುವಂತಿಲ್ಲ. ಏನು ಮಾಡಲಿ?

ಉತ್ತರ: ಪ್ರವೇಶಕ್ಕೆ ಅನುಕೂಲವಾದೀತೆಂಬ ಒಂದೇ ಕಾರಣಕ್ಕೆ ಹಣ ಕಟ್ಟುವುದಾದರೆ ಸದ್ಯಕ್ಕೆ ಕಟ್ಟಬೇಡಿ. ಆದರೆ ಸಂಶೋಧನಾ ವಿಧಾನವನ್ನು ಕಲಿಯುವುದು ನಿಮಗೆ ಅತ್ಯಗತ್ಯ, ಅದನ್ನು ಈ ವರ್ಷವೇ ಆರಂಭಿಸಿ. ಸರ್ಟಿಫಿಕೇಟ್ ಪಡೆಯುವುದು ಮತ್ತು ವಿಧಾನ ಕಲಿಯುವುದು ಬೇರೆ ಬೇರೆ ಸಂಗತಿಗಳು. ಜಾಹೀರಾತುಗಳು ಇವೆರಡನ್ನೂ ಬೆರೆಸಿ ಹೇಳುವುದರಿಂದ ನಿಮ್ಮಂತೆ ಆಸೆಯಿಂದ ಓದಲು ಹೊರಟವರು ಗೊಂದಲಕ್ಕೆ ಬೀಳುತ್ತಾರೆ. ನಿಮ್ಮ ಕೈಯಲ್ಲಿ ಈಗಾಗಲೇ ಒಂದು ಒಳ್ಳೆಯ ವಿಷಯವಿದೆ. ವಿಷಯವೇ ಇಲ್ಲದೆ ವಿಧಾನ ಕಲಿಯಲು ಹೋದವರಿಗೆ ಆ ಪಾಠಗಳು ವ್ಯಾಖ್ಯೆಗಳ ಪಟ್ಟಿಯಾಗಿಯೇ ಉಳಿದುಬಿಡುತ್ತವೆ, ನಿಮಗೆ ಹಾಗಾಗಬೇಕಿಲ್ಲ.

ಮೊದಲಿಗೆ ಈ ಕೋರ್ಸು ಎಂದರೇನು ಎಂಬುದನ್ನು ನೋಡೋಣ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಸರ್ಟಿಫಿಕೇಟಿಗೆ ಖಚಿತವಾದ ಅಳತೆಯಿದೆ. ಅಲ್ಲಿ ಪೂರ್ಣ ಸ್ನಾತಕೋತ್ತರ ಪದವಿಗೆ 180 ಕ್ರೆಡಿಟ್, ಡಿಪ್ಲೊಮಾಗೆ 120, ಸರ್ಟಿಫಿಕೇಟಿಗೆ 60. ಒಂದು ಕ್ರೆಡಿಟ್ಟಿಗೆ 10 ಗಂಟೆಗಳ ಕಲಿಕೆ ಎಂದು ಲೆಕ್ಕ ಹಿಡಿಯುವುದರಿಂದ, ಪಾಠ ಕೇಳುವುದು, ಓದುವುದು, ಬರೆಯುವುದು ಎಲ್ಲ ಸೇರಿ ಸುಮಾರು 600 ಗಂಟೆಗಳ ದುಡಿಮೆಯಾಗುತ್ತದೆ. ನಮ್ಮಲ್ಲಿ 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ವರ್ಷದ ಓದಿಗೆ 1200 ಗಂಟೆ ಮತ್ತು 40 ಕ್ರೆಡಿಟ್, ಅಂದರೆ ಒಂದು ಕ್ರೆಡಿಟ್ಟಿಗೆ 30 ಗಂಟೆ. ಈ ಲೆಕ್ಕದಲ್ಲಿ ಬ್ರಿಟನ್ನಿನ ಸರ್ಟಿಫಿಕೇಟ್ ನಮ್ಮ 20 ಕ್ರೆಡಿಟ್‌ಗಳಿಗೆ ಸಮ. ಆದರೆ ನಮ್ಮಲ್ಲಿ ಸರ್ಟಿಫಿಕೇಟ್ ಎಂಬ ಹೆಸರನ್ನು ವಾರದ ಆನ್‌ಲೈನ್ ಉಪನ್ಯಾಸಮಾಲೆಗೂ ಇಡುತ್ತಾರೆ, ಒಂದು ವರ್ಷದ ಗಂಭೀರ ಓದಿಗೂ ಇಡುತ್ತಾರೆ. ಆದ್ದರಿಂದ ಜಾಹೀರಾತಿನಲ್ಲಿರುವ ಹೆಸರನ್ನು ಬಿಟ್ಟು ಗಂಟೆಗಳನ್ನೂ ಕ್ರೆಡಿಟ್‌ಗಳನ್ನೂ ಕೇಳಿ. ಉತ್ತರ ಕೊಡಲು ತಡಕಾಡುವ ಸಂಸ್ಥೆಯಿಂದ ದೂರವಿರಿ.

ಇನ್ನು ಪ್ರವೇಶದ ಮಾತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರ ನವೆಂಬರಿನಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯಂತೆ ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಪಡೆದವರು ಅರ್ಹರು; ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಿಗೆ ಶೇ 5ರ ವಿನಾಯಿತಿಯಿದೆ. ನಿಮ್ಮ ಶೇ 58 ಸಾಕು. ಈ ಅರ್ಹತೆಗೆ ಸರ್ಟಿಫಿಕೇಟ್ ಏನನ್ನೂ ಕೂಡಿಸುವುದಿಲ್ಲ. ಪ್ರವೇಶ ಸಿಕ್ಕ ಮೇಲೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕನ್ನು, ಅಂದರೆ ಸಂಶೋಧನೆಗೆ ಮುಂಚಿನ ಪಾಠ ಮತ್ತು ಪರೀಕ್ಷೆಗಳನ್ನು, ಮುಗಿಸಲೇಬೇಕು. ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ ಪತ್ರಿಕೆ ಅದರೊಳಗೆ ಕಡ್ಡಾಯ. ಒಟ್ಟಾರೆ ಶೇ 55 ಅಂಕ ಬಂದರೆ ಮಾತ್ರ ಮುಂದುವರಿಯಬಹುದು. ನೀವು ಹೊರಗೆಲ್ಲೋ ಮಾಡಿಕೊಂಡು ಬಂದ ಸರ್ಟಿಫಿಕೇಟಿನಿಂದ ಈ ಕೋರ್ಸ್‌ವರ್ಕಿಗೆ ತಾನಾಗಿ ವಿನಾಯಿತಿ ದೊರೆಯುವುದಿಲ್ಲ. ಅಧ್ಯಾಪನದ ಹುದ್ದೆಗೂ ಅದು ಅರ್ಹತೆಯಾಗದು. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2023ರ ಜುಲೈ 1ರಿಂದ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್ ಅಥವಾ ರಾಜ್ಯಮಟ್ಟದ ಸೆಟ್, ಸ್ಲೆಟ್ ಕನಿಷ್ಠ ಅರ್ಹತೆಯಾಗಿದೆ; ನಮ್ಮ ರಾಜ್ಯದ ಸೆಟ್ ಪರೀಕ್ಷೆಯೇ ಕೆಸೆಟ್. ಅತಿಥಿ ಉಪನ್ಯಾಸಕರಿಗೆ ಇದು ಬದುಕಿನ ಪ್ರಶ್ನೆಯಾದ್ದರಿಂದ ನೇರವಾಗಿ ಹೇಳುತ್ತಿದ್ದೇನೆ: ನೀವು ಇನ್ನೂ ಕೆಸೆಟ್ ಅಥವಾ ನೆಟ್ ತೇರ್ಗಡೆಯಾಗಿಲ್ಲವಾದರೆ, ನಿಮ್ಮ ಹಣ ಮತ್ತು ಸಮಯದ ಮೊದಲ ಹಕ್ಕು ಆ ಪರೀಕ್ಷೆಗಳದು.

ಆದರೂ ವಿಧಾನದ ಓದು ಪ್ರವೇಶಕ್ಕೆ ಸಂಬಂಧವಿಲ್ಲದ್ದು ಎಂದುಕೊಳ್ಳಬೇಡಿ. ಅದೇ 2022ರ ನಿಯಮಾವಳಿಯ ಪ್ರಕಾರ ವಿಶ್ವವಿದ್ಯಾಲಯಗಳು ನಡೆಸುವ ಪಿಎಚ್.ಡಿ. ಪ್ರವೇಶ ಪರೀಕ್ಷೆಯ ಪಠ್ಯಕ್ರಮದಲ್ಲಿ ಅರ್ಧಭಾಗ ಸಂಶೋಧನಾ ವಿಧಾನವೇ. ಉಳಿದರ್ಧ ಮಾತ್ರ ನಿಮ್ಮ ವಿಷಯ. ನೆಟ್ ಮತ್ತು ಕೆಸೆಟ್‌ನ ಮೊದಲ ಪತ್ರಿಕೆಯಲ್ಲಿಯೂ ಸಂಶೋಧನಾ ಪ್ರವೃತ್ತಿ ಎಂಬ ಒಂದು ಘಟಕವಿದೆ. 2024ರ ಜೂನ್ ಅವಧಿಯಿಂದ ನೆಟ್ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸಲು ಅವಕಾಶ ಕೊಟ್ಟಿದ್ದಾರೆ. ಹಾಗೆ ಪ್ರವೇಶ ಕೋರುವವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30ರ ತೂಕ. ಸಂದರ್ಶನದಲ್ಲಿ ಕುಳಿತವರು ಕೇಳುವುದು ಸಾಮಾನ್ಯವಾಗಿ ನಿಮ್ಮ ವಿಷಯ ಯಾವುದು ಎಂಬುದಕ್ಕಿಂತ, ಅದನ್ನು ಹೇಗೆ ಅಧ್ಯಯನ ಮಾಡುತ್ತೀರಿ ಎಂಬುದನ್ನು. ಕಲಿತದ್ದು ಉಪಯೋಗಕ್ಕೆ ಬರುವುದು ಅಲ್ಲಿ, ಕಾಗದವಾಗಿ ಅಲ್ಲ. ಕುವೆಂಪು ವಿಶ್ವವಿದ್ಯಾಲಯವಾಗಲಿ ಬೇರೆ ಯಾವುದೇ ಆಗಲಿ, ಯಾವ ದಾರಿಯಿಂದ ಪ್ರವೇಶ ಕೊಡುತ್ತದೆ ಎಂಬುದು ಆಯಾ ವರ್ಷದ ಅಧಿಸೂಚನೆಯಲ್ಲಿ ಸ್ಪಷ್ಟವಾಗಿರುತ್ತದೆ. ಅದನ್ನು ಪೂರ್ತಿಯಾಗಿ ಓದಿ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ವಿಧಾನದ ಪಾಠ ಏಕೆ ಬೇಕು ಎಂಬುದನ್ನು ನಾನು ಬೇರೆಲ್ಲಿಂದಲೋ ಉದಾಹರಣೆ ತಂದು ಹೇಳಬೇಕಾಗಿಲ್ಲ, ಅಡಿಕೆ ಸುಲಿಯುವ ಚಪ್ಪರದಲ್ಲಿಯೇ ಅದೆಲ್ಲ ಇದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೆಂಪಡಿಕೆಗಾಗಿ ಕಾಯನ್ನು ಹಸಿರಿರುವಾಗಲೇ ಕೊಯ್ದು, ಸುಲಿದು, ಬೇಯಿಸಿ, ಒಣಗಿಸುತ್ತಾರೆ. ಕೊಯ್ದ ಕಾಯನ್ನು ಹೆಚ್ಚು ದಿನ ಇಡುವಂತಿಲ್ಲವಾದ್ದರಿಂದ ಮಳೆಗಾಲ ಕಳೆದ ಮೇಲಿನ ಕೆಲವು ತಿಂಗಳು ಸುಲಿಯುವವರಿಗೆ ಹಗಲು ರಾತ್ರಿ ಕೆಲಸ, ಅನಂತರ ಇಲ್ಲ. ಈಗ ಈ ಹೆಂಗಸರು ಎಷ್ಟು ಮಂದಿ ಎಂದು ತಿಳಿಯಲು ಜನಗಣತಿಯ ಪಟ್ಟಿಗಳನ್ನು ತೆರೆದರೆ ಏನಾಗುತ್ತದೆ? 2011ರ ಜನಗಣತಿಯು, ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ಕಾಲ ದುಡಿದವರನ್ನು ಮುಖ್ಯ ದುಡಿಮೆಗಾರರೆಂದೂ ಅದಕ್ಕಿಂತ ಕಡಿಮೆ ದುಡಿದವರನ್ನು ಅಲ್ಪಾವಧಿ ದುಡಿಮೆಗಾರರೆಂದೂ ವಿಂಗಡಿಸುತ್ತದೆ. ಸುಗ್ಗಿಯಲ್ಲಿ ಮಾತ್ರ ಸುಲಿಯುವ ಹೆಂಗಸು ಎರಡನೆಯ ಗುಂಪಿಗೆ ಬೀಳುತ್ತಾಳೆ. ಗಣತಿದಾರರು ಬಂದಾಗ ಮನೆಯ ಗಂಡಸು ‘ಅವಳು ಮನೆಕೆಲಸ ನೋಡ್ಕೊಂಡಿರ್ತಾಳೆ’ ಎಂದು ಉತ್ತರ ಕೊಟ್ಟರೆ ಆ ಗುಂಪಿಗೂ ಬೀಳುವುದಿಲ್ಲ. 2017ರಲ್ಲಿ ಆರಂಭವಾದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ವರ್ಷಕ್ಕೆ 30 ದಿನಕ್ಕಿಂತ ಕಡಿಮೆಯಿಲ್ಲದಂತೆ ಮಾಡಿದ ಪೂರಕ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಅದೇ ಹೆಂಗಸು ಒಂದು ಸರ್ಕಾರಿ ದಾಖಲೆಯಲ್ಲಿ ಕಾಣದೆ, ಇನ್ನೊಂದರಲ್ಲಿ ಕಾಣಬಹುದು. ನೀವು ಎರಡೂ ಅಂಕಿಅಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ‘ಮಹಿಳಾ ದುಡಿಮೆ ಹೆಚ್ಚಾಗಿದೆ’ ಎಂದು ಬರೆದರೆ ಅದು ಪೂರ್ತಿ ತಪ್ಪಾದೀತು. ಯಾರನ್ನು ದುಡಿಮೆಗಾರರೆಂದು ಕರೆಯುತ್ತೇನೆ ಎಂಬ ನಿರ್ಣಯವನ್ನು ಮೊದಲೇ, ಬರವಣಿಗೆಯಲ್ಲಿ, ಕಾರಣ ಸಮೇತ ಮಾಡಿಕೊಳ್ಳುವುದನ್ನು ವಿಧಾನದ ಪಾಠ ಕಲಿಸುತ್ತದೆ. ಮುಯ್ಯಾಳಾಗಿ, ಅಂದರೆ ಕೂಲಿಯ ಬದಲು ಕೆಲಸಕ್ಕೆ ಕೆಲಸವೆಂಬ ಲೆಕ್ಕದಲ್ಲಿ ಬಂದು ಸುಲಿದವಳು ನಿಮ್ಮ ಅಧ್ಯಯನಕ್ಕೆ ಸೇರುತ್ತಾಳೆಯೇ? ಸ್ವಂತ ತೋಟದ ಕಾಯನ್ನು ಸುಲಿಯುವ ಮನೆಯೊಡತಿ ಸೇರುತ್ತಾಳೆಯೇ? ಇವುಗಳಿಗೆ ಸರಿಯುತ್ತರವೆಂಬುದು ಒಂದೇ ಇಲ್ಲ, ಆದರೆ ಉತ್ತರವಿಲ್ಲದೆ ಮುಂದೆ ಹೋಗುವಂತಿಲ್ಲ.

ಅನಂತರ ಬರುವುದು ಮಾದರಿಯ ಆಯ್ಕೆ, ಅಂದರೆ ಎಲ್ಲರ ಪರವಾಗಿ ಯಾರನ್ನು ಮಾತನಾಡಿಸಬೇಕೆಂಬುದು. ಸಣ್ಣ ಸಣ್ಣ ಕೋರ್ಸುಗಳು ಇಲ್ಲಿ ಒಂದು ಸೂತ್ರ ಕೊಟ್ಟು ಸುಮ್ಮನಾಗುತ್ತವೆ: ಫಲಿತಾಂಶ ನಿಜವಾದ ಸಂಖ್ಯೆಯಿಂದ ಶೇ 5ಕ್ಕಿಂತ ಹೆಚ್ಚು ಆಚೀಚೆಯಾಗಬಾರದು (ದೋಷಮಿತಿ), ನೂರರಲ್ಲಿ 95 ಸಲ ಹಾಗೇ ಬರಬೇಕು (ವಿಶ್ವಾಸಮಟ್ಟ) ಎಂದರೆ 385 ಮಂದಿ ಸಾಕು. ನೂರಾರು ಪ್ರಬಂಧಗಳಲ್ಲಿ ಈ ಸಂಖ್ಯೆಯನ್ನು ನೀವು ನೋಡುತ್ತೀರಿ. ಆದರೆ ಇದು ಸರಿಯಾಗುವುದು ಎಲ್ಲರ ಹೆಸರೂ ಇರುವ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರನ್ನೇ ಆರಿಸಿದಾಗ ಮಾತ್ರ. ಅಡಿಕೆ ಸುಲಿಯುವವರ ಪಟ್ಟಿ ಯಾವ ಪಂಚಾಯಿತಿಯಲ್ಲಿದೆ? ಎಲ್ಲಿಯೂ ಇಲ್ಲ. ನೀವು ಹಳ್ಳಿಗಳನ್ನು ಆರಿಸಿ, ಆ ಹಳ್ಳಿಗಳಲ್ಲಿ ಸುಲಿತ ನಡೆಯುವ ಮನೆಗಳನ್ನೂ ಚೇಣಿದಾರರ (ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರ) ಕಣಗಳನ್ನೂ ಗುರುತಿಸಿ, ಅಲ್ಲಿ ಕುಳಿತವರನ್ನು ಮಾತನಾಡಿಸಬೇಕಾಗುತ್ತದೆ. ಒಂದೇ ಚಪ್ಪರದಡಿ ಕುಳಿತವರು ಸಾಮಾನ್ಯವಾಗಿ ಒಂದೇ ಕೇರಿಯವರು, ಒಂದೇ ಕೂಲಿದರ ಪಡೆಯುವವರು. ಒಬ್ಬರ ಉತ್ತರ ಇನ್ನೊಬ್ಬರದನ್ನು ಹೋಲುತ್ತದೆ. ಗುಂಪಿಗೆ 20 ಮಂದಿಯಂತೆ ಮಾತನಾಡಿಸಿದಿರಿ, ಗುಂಪಿನೊಳಗಿನ ಹೋಲಿಕೆಯ ಗುಣಾಂಕ (ಉತ್ತರಗಳು ಒಂದನ್ನೊಂದು ಹೋಲುವ ಅಳತೆ; ಹೋಲಿಕೆಯೇ ಇಲ್ಲದಿದ್ದರೆ 0, ಪೂರ್ತಿ ಒಂದೇ ಆದರೆ 1) 0.05 ಇದೆ ಎಂದುಕೊಳ್ಳಿ. ಆಗ 20ರಲ್ಲಿ ಒಂದನ್ನು ಕಳೆದು ಉಳಿದ 19ನ್ನು 0.05ರಿಂದ ಗುಣಿಸಿ 1ಕ್ಕೆ ಕೂಡಿಸಿದರೆ 1.95 ಬರುತ್ತದೆ; 385ನ್ನು ಇದರಿಂದ ಭಾಗಿಸಬೇಕು. ಅಂದರೆ ನಿಮ್ಮ 385 ಮಂದಿಯ ಉತ್ತರ, ಚೀಟಿ ಎತ್ತಿ ಆರಿಸಿದ ಸುಮಾರು 197 ಮಂದಿಯ ಉತ್ತರದಷ್ಟೇ ಮಾಹಿತಿ ಕೊಡುತ್ತದೆ. ಇದಕ್ಕೆ ಪರಿಹಾರವೂ ಇದೇ ಲೆಕ್ಕದಲ್ಲಿದೆ: ಕಡಿಮೆ ಗುಂಪುಗಳಿಂದ ಹೆಚ್ಚು ಮಂದಿಯನ್ನು ಮಾತನಾಡಿಸುವ ಬದಲು ಹೆಚ್ಚು ಗುಂಪುಗಳಿಂದ ಕಡಿಮೆ ಮಂದಿಯನ್ನು ಮಾತನಾಡಿಸಿ. ಒಂದು ಊರಿನಲ್ಲಿ ಇಡೀ ದಿನ ಕುಳಿತು ಪ್ರಶ್ನಾವಳಿ ತುಂಬಿಸಿಕೊಂಡು ಬರುವುದಕ್ಕಿಂತ ನಾಲ್ಕು ಊರು ಸುತ್ತುವುದು ಕಷ್ಟವೇ. ಮಲೆನಾಡಿನಲ್ಲಿ ಬಸ್ಸು ನಂಬಿ ಸುತ್ತುವುದು ಇನ್ನೂ ಕಷ್ಟ. ಆದರೂ ಆ ಶ್ರಮವೇ ನಿಮ್ಮ ಮಾತಿಗೆ ಬಲ ಕೊಡುತ್ತದೆ.

ಪ್ರಶ್ನೆ ಕೇಳುವ ಬಗೆಯಲ್ಲಿಯೂ ಎಚ್ಚರ ಬೇಕು. ‘ನಿಮ್ಮ ದಿನಗೂಲಿ ಎಷ್ಟು’ ಎಂದು ಕೇಳಿದರೆ ಯಾವುದೋ ಒಂದು ಸಂಖ್ಯೆ ಸಿಗುತ್ತದೆ, ಆದರೆ ಸುಲಿತಕ್ಕೆ ದಿನದ ಲೆಕ್ಕಕ್ಕಿಂತ ತೂಕದ ಲೆಕ್ಕದಲ್ಲಿ ಅಥವಾ ಡಬ್ಬದ ಲೆಕ್ಕದಲ್ಲಿ ಕೊಡುವುದೇ ರೂಢಿ. ಜೊತೆಗೆ ಊಟ, ಕಾಫಿ, ಮನೆಗೆ ಬಿಟ್ಟು ಬರುವ ವಾಹನ, ಮುಂಗಡ ಕೊಟ್ಟ ಹಣ ಇವೆಲ್ಲ ಸೇರಿಕೊಂಡಿರುತ್ತವೆ. ತೋಟದ ಯಜಮಾನರು ಪಕ್ಕದಲ್ಲಿ ನಿಂತಿದ್ದಾಗ ಕೂಲಿಯ ಬಗ್ಗೆ ಕೇಳಿದರೆ ಬರುವ ಉತ್ತರವೇ ಬೇರೆ, ಅದೇ ಹೆಂಗಸು ತನ್ನ ಮನೆಯ ಜಗಲಿಯಲ್ಲಿ ಕುಳಿತು ಹೇಳುವುದೇ ಬೇರೆ. ಅವರಿಗೆ ನೀವು ಯಾರು, ಏಕೆ ಕೇಳುತ್ತೀರಿ, ಹೇಳಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಸಿ ಒಪ್ಪಿಗೆ ಪಡೆಯುವುದು ಬರೀ ಫಾರಮ್ಮಿಗೆ ಸಹಿ ಹಾಕಿಸುವ ಕೆಲಸವಲ್ಲ. ಮುಂದಿನ ವರ್ಷ ಅವರಿಗೆ ಅದೇ ಅಂಗಳದಲ್ಲಿ ಕೆಲಸ ಬೇಕು. ನಿಮ್ಮ ಪ್ರಬಂಧದ ಒಂದು ವಾಕ್ಯದಿಂದ ಯಾರು ಹೇಳಿದ್ದೆಂದು ಊರಿಗೆ ಗೊತ್ತಾದರೆ ಹಾನಿ ಅವರಿಗೆ. ಸಣ್ಣ ಊರಿನಲ್ಲಿ ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ಇದನ್ನು ಕಲಿಸದ ಸರ್ಟಿಫಿಕೇಟ್ ಕೋರ್ಸು ಎಷ್ಟೇ ಅಗ್ಗವಾಗಿದ್ದರೂ ನನಗೆ ಒಪ್ಪಿಗೆಯಿಲ್ಲ.

ವಿಧಾನವೆಂದರೆ ಸಂಖ್ಯೆಗಳು ಮಾತ್ರವಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯದೇ ಒಂದು ನಿದರ್ಶನವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಜನರಿಗೆ ವಿಚಿತ್ರ ಜ್ವರ ಬಂತು. ಅದೇ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರಿಂದ ತನಿಖೆಗೆ ದಿಕ್ಕು ಸಿಕ್ಕಿತು. ಮೊದಲಿಗೆ ಹಳದಿ ಜ್ವರವಿರಬಹುದೇ ಎಂಬ ಶಂಕೆಯಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಾಣುವನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಅದು ಉಣ್ಣೆ ಹುಳುವಿನಿಂದ ಹರಡುವ, ರಷ್ಯದ ಮಿದುಳುಜ್ವರದ ವೈರಾಣುಗಳ ಗುಂಪಿಗೆ ಸೇರಿದ ಹೊಸ ವೈರಾಣುವೆಂದು ತಿಳಿಯಿತು. ಮಂಗನ ಕಾಯಿಲೆ ಎಂದು ನಾವು ಕರೆಯುವ ಈ ರೋಗದ ಕಥೆಯಲ್ಲಿ ಕಾಡಂಚಿನ ಜನ ಕಂಡದ್ದು, ಪ್ರಯೋಗಾಲಯದಲ್ಲಿ ಸಿಕ್ಕಿದ್ದು, ಮೊದಲ ಊಹೆಯನ್ನು ಕೈಬಿಟ್ಟದ್ದು ಎಲ್ಲವೂ ವಿಧಾನದ ಭಾಗವೇ. ಸಮಾಜಶಾಸ್ತ್ರದಲ್ಲಿಯೂ ಅಷ್ಟೇ. ದೀರ್ಘ ಸಂದರ್ಶನ, ಸುಲಿಯುವ ಜಾಗದಲ್ಲಿ ಕುಳಿತು ಗಮನಿಸಿ ಬರೆದ ಟಿಪ್ಪಣಿ, ಹಿರಿಯ ಹೆಂಗಸರ ನೆನಪುಗಳು, ಮನೆಯ ಹಳೆಯ ಲೆಕ್ಕದ ಪುಸ್ತಕಗಳು ಇವೂ ದತ್ತಾಂಶ. ಕಾಲಿನಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಯನ್ನು ಬಿಟ್ಟು ಸುಲಿಯುವ ಯಂತ್ರಕ್ಕೆ ಬಂದಾಗ ಯಾರ ಕೆಲಸ ಹೋಯಿತು, ಯಾರು ಯಂತ್ರದ ಮುಂದೆ ನಿಂತರು ಎಂಬಂಥ ಪ್ರಶ್ನೆಗೆ ಪ್ರಶ್ನಾವಳಿಗಿಂತ ಇಂಥ ಮೂಲಗಳೇ ಚೆನ್ನಾಗಿ ಉತ್ತರ ಕೊಡುತ್ತವೆ. ನಿಮಗೆ ಎರಡೂ ಬಗೆಯ ವಿಧಾನಗಳು ಬೇಕಾಗುತ್ತವೆಂದು ನನಗನ್ನಿಸುತ್ತದೆ. ಆದ್ದರಿಂದ ಒಂದನ್ನೇ ಕಲಿಸುವ ಕೋರ್ಸನ್ನು ಆರಿಸಬೇಡಿ.

ಗಣಿತದ ಭಯದ ಬಗ್ಗೆ ಬರೆದಿದ್ದೀರಿ. ನಿಮಗೆ ಬೇಕಾಗುವ ಸಂಖ್ಯಾಶಾಸ್ತ್ರಕ್ಕೆ ಹೈಸ್ಕೂಲಿನ ಕೂಡು ಕಳೆ, ಶೇಕಡಾವಾರು, ವರ್ಗಮೂಲ ಸಾಕು. ಉಳಿದ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ಕಷ್ಟವಿರುವುದು ಅರ್ಥ ಮಾಡಿಕೊಳ್ಳುವುದರಲ್ಲಿ. ಏಳು ಮಂದಿ ಒಂದು ದಿನ ಸುಲಿದ ಅಡಿಕೆ 20, 22, 25, 26, 28, 30 ಮತ್ತು 73 ಕೆ.ಜಿ. ಎಂದು ಕಲ್ಪಿಸಿಕೊಳ್ಳಿ. ಸರಾಸರಿ 32 ಬರುತ್ತದೆ. ಆದರೆ ಏಳರಲ್ಲಿ ಆರು ಮಂದಿ ಅದಕ್ಕಿಂತ ಕಡಿಮೆ ಸುಲಿದಿದ್ದಾರೆ. ಮಧ್ಯದ ಸಂಖ್ಯೆಯಾದ 26 ಆ ಗುಂಪಿನ ದುಡಿಮೆಯನ್ನು ಹೆಚ್ಚು ಚೆನ್ನಾಗಿ ಹೇಳುತ್ತದೆ. ಇನ್ನೂ ಮುಖ್ಯವಾಗಿ, ಆ 73 ಏಕೆ ಬಂತು ಎಂದು ಹೋಗಿ ಕೇಳಬೇಕು. ಶಾಲೆ ಮುಗಿಸಿ ಬಂದ ಮಗಳು ತಾಯಿಯ ಪಕ್ಕದಲ್ಲಿ ಕುಳಿತು ಸುಲಿದದ್ದೂ ಒಂದೇ ಹೆಸರಿನಲ್ಲಿ ಬರೆದಿರಬಹುದು. ಅಲ್ಲಿ ನಿಮ್ಮ ಪ್ರಬಂಧಕ್ಕೆ ಒಂದು ಅಧ್ಯಾಯವೇ ಇದೆ. ಇಷ್ಟು ಯೋಚಿಸಬಲ್ಲವರು ಸಂಖ್ಯಾಶಾಸ್ತ್ರ ಕಲಿಯಬಲ್ಲರು. ಸಾಧನಗಳಿಗೂ ಹಣ ಸುರಿಯಬೇಕಿಲ್ಲ: ಆರ್ ಮತ್ತು ಜಮೋವಿ ಉಚಿತ ತಂತ್ರಾಂಶಗಳು, ಓದಿದ ಲೇಖನಗಳನ್ನು ಜೋಡಿಸಿಡಲು ಜೊಟೆರೊ ಕೂಡ ಉಚಿತ. ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಕಲಿಸುತ್ತೇವೆ ಎಂಬುದನ್ನೇ ದೊಡ್ಡದಾಗಿ ಹೇಳಿಕೊಳ್ಳುವ ಕೋರ್ಸುಗಳಲ್ಲಿ ಗುಂಡಿ ಒತ್ತುವುದನ್ನು ಕಲಿಸಿ, ಯಾವ ಸಂಖ್ಯಾಶಾಸ್ತ್ರೀಯ ಪರೀಕ್ಷೆಯನ್ನು ಏಕೆ ಬಳಸಬೇಕೆಂಬುದನ್ನು ಬಿಟ್ಟಿರುವುದು ಉಂಟು.

ಕನ್ನಡ ಮಾಧ್ಯಮದವರೆಂದು ಹಿಂಜರಿಯಬೇಡಿ. ವಿಧಾನದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ, ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಲೇಬೇಕು; ನಿಧಾನವಾಗಿ, ನಿಮ್ಮದೇ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತ ಓದಿದರೆ ಕೆಲವು ತಿಂಗಳಲ್ಲಿ ಹಿಡಿತ ಸಿಗುತ್ತದೆ. ಆದರೆ ಕ್ಷೇತ್ರಕಾರ್ಯದಲ್ಲಿ ನಿಮ್ಮ ಊರಿನ ಮಾತೇ ನಿಮ್ಮ ದೊಡ್ಡ ಬಲ. ಸುಲಿಯುವ ಹೆಂಗಸರೊಂದಿಗೆ ದುಭಾಷಿಯಿಲ್ಲದೆ ಮಾತನಾಡಬಲ್ಲ ಸಂಶೋಧಕಿಗೆ ಸಿಗುವುದು ದೂರದಿಂದ ಬಂದವರಿಗೆ ಸುಲಭವಾಗಿ ಸಿಗುವುದಿಲ್ಲ. ಹಿಂದೆ ಯಾರು ಏನು ಬರೆದಿದ್ದಾರೆಂದು ನೋಡಲು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಇದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಅಡಿಕೆ, ಕೃಷಿಕೂಲಿ, ಮಹಿಳಾ ದುಡಿಮೆ ಕುರಿತ ಐದಾರು ಪ್ರಬಂಧಗಳನ್ನು ತೆಗೆದು, ಬೇರೆಲ್ಲ ಬಿಟ್ಟು ವಿಧಾನದ ಅಧ್ಯಾಯವನ್ನಷ್ಟೇ ಓದಿ. ಮಾದರಿ ಹೇಗೆ ಆರಿಸಿದರು, ಏಕೆ, ಎಷ್ಟು ಮಂದಿ ಉತ್ತರ ಕೊಡಲಿಲ್ಲ ಎಂಬುದನ್ನು ಹುಡುಕಿ. ಕೆಲವರು ಅದನ್ನು ಬರೆದೇ ಇರುವುದಿಲ್ಲ, ಅದೂ ನಿಮಗೆ ಪಾಠವೇ. ಅಲ್ಲಿಂದ ನಕಲು ಇಳಿಸುವ ಆಲೋಚನೆ ಮಾತ್ರ ಬೇಡ. 2018ರ ಕೃತಿಚೌರ್ಯ ತಡೆ ನಿಯಮಾವಳಿಯಂತೆ ಹೋಲಿಕೆ ಶೇ 10ನ್ನು ದಾಟಿದರೆ ಪ್ರಬಂಧವನ್ನು ತಿದ್ದಿ ಮರುಸಲ್ಲಿಸಬೇಕಾಗುತ್ತದೆ, ಶೇ 60ನ್ನು ದಾಟಿದರೆ ನೋಂದಣಿಯೇ ರದ್ದಾಗುತ್ತದೆ.

ಹಾಗಾದರೆ ಎಲ್ಲಿ ಕಲಿಯಬೇಕು? ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸ್ವಯಂ ಎಂಬ ಆನ್‌ಲೈನ್ ಕಲಿಕೆಯ ವೇದಿಕೆಯಲ್ಲಿ ಸಂಶೋಧನಾ ವಿಧಾನದ ಹಲವು ಕೋರ್ಸುಗಳಿವೆ. ಕಲಿಯಲು ಶುಲ್ಕವಿಲ್ಲ, ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಬರೆಯಬೇಕು. ಅದರಲ್ಲಿ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ರೂಪಿಸಿದ ಎನ್‌ಪಿಟೆಲ್ ಕೋರ್ಸುಗಳಿಗೆ ವಾರವಾರದ ಅಭ್ಯಾಸಗಳಿಗೆ ಶೇ 25, ಅಂತಿಮ ಪರೀಕ್ಷೆಗೆ ಶೇ 75 ಅಂಕ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ನೆರವಿನಿಂದ ವಿಶ್ವವಿದ್ಯಾಲಯಗಳು ಹತ್ತು ದಿನಗಳ ಸಂಶೋಧನಾ ವಿಧಾನ ಶಿಬಿರಗಳನ್ನು ನಡೆಸುತ್ತವೆ. ಅವು ಮುಖ್ಯವಾಗಿ ಈಗಾಗಲೇ ಪಿಎಚ್.ಡಿ.ಗೆ ನೋಂದಾಯಿಸಿಕೊಂಡವರಿಗೆ, ನಿಮ್ಮ ಪ್ರವೇಶ ಆದ ಮೇಲೆ ಮರೆಯದೆ ಅರ್ಜಿ ಹಾಕಿ. ಹಣ ಕೊಟ್ಟು ಕಲಿಯುವ ಸ್ನಾತಕೋತ್ತರ ಸರ್ಟಿಫಿಕೇಟನ್ನು ನಾನು ಒಂದೇ ಷರತ್ತಿನ ಮೇಲೆ ಒಪ್ಪುತ್ತೇನೆ: ಕೊನೆಯಲ್ಲಿ ನೀವು ನಿಮ್ಮದೇ ವಿಷಯದ ಮೇಲೆ ಪೂರ್ಣ ಸಂಶೋಧನಾ ಪ್ರಸ್ತಾವವನ್ನೋ ಕಿರು ಅಧ್ಯಯನವನ್ನೋ ಬರೆಯಬೇಕು, ಅದನ್ನು ವಿಷಯ ಬಲ್ಲ ಅಧ್ಯಾಪಕರೊಬ್ಬರು ಓದಿ, ಸಾಲುಸಾಲಿಗೆ ಟಿಪ್ಪಣಿ ಹಾಕಿ ಹಿಂದಿರುಗಿಸಬೇಕು. ನೀವು ಬರೆದದ್ದನ್ನು ಇನ್ನೊಬ್ಬರು ಗಂಭೀರವಾಗಿ ಓದುವುದಕ್ಕೆ ಹಣ ಕೊಡಬಹುದು. ವಿಡಿಯೊ ನೋಡಿ ಬಹು ಆಯ್ಕೆಯ ಪ್ರಶ್ನೆಗೆ ಗುರುತು ಹಾಕುವುದಕ್ಕೆ ಕೊಡಬೇಕಾಗಿಲ್ಲ, ಅದು ಉಚಿತವಾಗಿಯೇ ಸಿಗುತ್ತದೆ. ಪ್ರಮಾಣಪತ್ರ ಕೊಡುವವರು ಯಾವ ವಿಶ್ವವಿದ್ಯಾಲಯ, ಅದು ಆನ್‌ಲೈನಿನಲ್ಲಿ ಕಲಿಸಲು ಅನುಮತಿ ಪಡೆದಿದೆಯೇ, ಹಿಂದಿನ ತಂಡದ ಒಂದು ಪ್ರಸ್ತಾವವನ್ನು ತೋರಿಸುವರೇ ಎಂದು ಕೇಳಿ. ‘ಇದು ಪಿಎಚ್.ಡಿ.ಗೆ ದಾರಿ’ ಎನ್ನುವವರನ್ನಂತೂ ನಂಬಬೇಡಿ. ಪಿಎಚ್.ಡಿ.ಯನ್ನೇ ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನಿನಲ್ಲಿ ಮಾಡಿಸಲು ಇಂದಿನ ನಿಯಮದಲ್ಲಿ ಅವಕಾಶವಿಲ್ಲ. ಅರೆಕಾಲಿಕವಾಗಿ ಮಾಡಲು ಅವಕಾಶವಿದೆ, ಅದಕ್ಕೆ ನೀವು ಕೆಲಸ ಮಾಡುವ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು.

ವರ್ಷವನ್ನು ಹೇಗೆ ಹಂಚಿಕೊಳ್ಳಬೇಕೆಂಬುದನ್ನು ನಿಮ್ಮ ಊರಿನ ಮಳೆ ಮತ್ತು ಅಡಿಕೆ ಸುಗ್ಗಿಯೇ ತೀರ್ಮಾನಿಸುತ್ತವೆ. ಸ್ವಯಂ ಕೋರ್ಸುಗಳು ಸಾಮಾನ್ಯವಾಗಿ ಜನವರಿ ಮತ್ತು ಜುಲೈ ಅವಧಿಗಳಲ್ಲಿ ಆರಂಭವಾಗುತ್ತವೆ. ಜುಲೈ ಎಂದರೆ ಆಗುಂಬೆ, ತೀರ್ಥಹಳ್ಳಿಯ ಕಡೆ ಜಡಿಮಳೆ. ನೇರಪ್ರಸಾರದ ತರಗತಿಗೆ ಹಾಜರಿ ಕಡ್ಡಾಯವಿರುವ ಕೋರ್ಸಿಗೆ ಸೇರಿದರೆ ಕಷ್ಟಪಡುತ್ತೀರಿ. ಎನ್‌ಪಿಟೆಲ್ ಪಾಠಗಳನ್ನು ಇಳಿಸಿಕೊಂಡು ಇಟ್ಟುಕೊಳ್ಳಬಹುದಾದ್ದರಿಂದ, ಪಟ್ಟಣಕ್ಕೆ ಹೋದಾಗಲೋ ಕಾಲೇಜಿನಲ್ಲಿದ್ದಾಗಲೋ ಒಂದು ವಾರಕ್ಕಾಗುವಷ್ಟನ್ನು ಮೊಬೈಲಿಗೆ ತುಂಬಿಸಿಕೊಂಡು ಮನೆಯಲ್ಲಿ ನೋಡಿ. ಮಳೆಗಾಲವನ್ನು ಓದಿಗೆ ಮತ್ತು ಪ್ರಶ್ನಾವಳಿ ಸಿದ್ಧಪಡಿಸಲು ಇಟ್ಟುಕೊಳ್ಳಿ. ಕೊಯ್ಲು ಆರಂಭವಾದೊಡನೆ ಎರಡು ಮೂರು ಊರುಗಳಿಗೆ ಹೋಗಿ ಪ್ರಾಯೋಗಿಕ ಅಧ್ಯಯನ ಮಾಡಿ. ಆ ಸುಗ್ಗಿ ತಪ್ಪಿದರೆ ಮುಂದಿನ ವರ್ಷದವರೆಗೂ ಕಾಯಬೇಕು. ಸುಗ್ಗಿ ಮುಗಿದ ಮೇಲೆ ನೆನಪಿನಿಂದ ಹೇಳಿಸಿದ ಕೂಲಿ ಮತ್ತು ತೂಕದ ಲೆಕ್ಕಗಳು ಅಷ್ಟು ನಂಬಲರ್ಹವಲ್ಲ. ಹತ್ತೋ ಹದಿನೈದೋ ಮಂದಿಯನ್ನು ಮಾತನಾಡಿಸಿದರೂ ಸಾಕು. ನಿಮ್ಮ ಯಾವ ಪ್ರಶ್ನೆ ಅವರಿಗೆ ಅರ್ಥವಾಗಲಿಲ್ಲ, ಯಾವ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಟ್ಟರು, ಯಾವುದಕ್ಕೆ ಸುಮ್ಮನಾದರು ಎಂಬುದನ್ನು ಅದೇ ಸಂಜೆ ಬರೆದಿಡಿ.

ಮಾರ್ಗದರ್ಶಕರು ಸಿಗುವುದೇ ನಮ್ಮಲ್ಲಿ ದೊಡ್ಡ ಅಡಚಣೆ. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಷ್ಟೇ ಮಾರ್ಗದರ್ಶನ ಮಾಡಬಹುದು. ವಿಭಾಗದಲ್ಲಿ ಹುದ್ದೆಗಳು ಖಾಲಿಯಿದ್ದರೆ ಸಂಶೋಧನಾ ಸ್ಥಾನಗಳೂ ಅಷ್ಟಕ್ಕಷ್ಟೇ. ಆದ್ದರಿಂದ ಪ್ರವೇಶದ ಅಧಿಸೂಚನೆ ಬರುವವರೆಗೆ ಕಾಯದೆ, ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ವಿಭಾಗದಲ್ಲಿಯೂ ಬೇರೆ ವಿಶ್ವವಿದ್ಯಾಲಯಗಳಲ್ಲಿಯೂ ಗ್ರಾಮೀಣ ದುಡಿಮೆ ಅಥವಾ ಮಹಿಳಾ ಅಧ್ಯಯನದಲ್ಲಿ ಕೆಲಸ ಮಾಡಿದವರು ಯಾರೆಂದು ಹುಡುಕಿ, ಮುಂದಿನ ಸುಗ್ಗಿ ಮುಗಿದೊಡನೆ ಅವರಿಗೆ ಎರಡು ಪುಟ ಬರೆದು ಕಳಿಸಿ: ಪ್ರಶ್ನೆಯೇನು, ಹಿಂದಿನವರು ಏನನ್ನು ಬಿಟ್ಟಿದ್ದಾರೆ, ಯಾರನ್ನು ಹೇಗೆ ಆರಿಸಿ ಮಾತನಾಡಿಸುತ್ತೀರಿ, ಪ್ರಾಯೋಗಿಕ ಅಧ್ಯಯನದಲ್ಲಿ ಕಂಡದ್ದೇನು, ಏನನ್ನು ಬದಲಿಸಿಕೊಂಡಿರಿ. ಅದನ್ನು ಓದಿ ಅವರು ಕೇಳುವ ಪ್ರಶ್ನೆಗಳಿಗೆ ನಿಮ್ಮಲ್ಲಿ ಉತ್ತರವಿಲ್ಲವಾದರೆ, ಆ ಕೊರತೆ ಯಾವುದೆಂದು ಖಚಿತವಾಗಿ ಗೊತ್ತಾದ ಆ ಹಂತದಲ್ಲಿ, ಅದನ್ನು ತುಂಬಿಕೊಡುವ ಸರ್ಟಿಫಿಕೇಟ್ ಕೋರ್ಸನ್ನು ಹುಡುಕಿ ಹಣ ಕಟ್ಟಿ.